ಬಿಳಿ, ಬ್ರೌನ್, ಗೋಧಿ, ಸಾರ್ಡೋ: ಯಾವ ಬ್ರೆಡ್‌ಗೆ ಶುಗರ್ ಎಷ್ಟು ಬೇಗ ಏರುತ್ತದೆ?

ಆರೋಗ್ಯಕ್ಕೆಂದು ಬ್ರೌನ್ ಬ್ರೆಡ್ ಕೊಳ್ಳುವವರು ಮೊದಲು ಪ್ಯಾಕೆಟ್ ತಿರುಗಿಸಿ ಹಿಂಬದಿ ಓದಬೇಕು. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚಿದೆಯೋ ಅದೇ ಮೊದಲು ಇರಬೇಕೆಂಬುದು ನಿಯಮ. ಮೊದಲ ಹೆಸರು ಮೈದಾ ಆಗಿದ್ದು, ಕೆಳಗೆಲ್ಲೋ 150ಎ ಅಥವಾ 150ಡಿ ಕಂಡರೆ ಆ ಬಣ್ಣ ಬಹುಪಾಲು ಕ್ಯಾರಮೆಲ್‌ನದು, ಗೋಧಿ ತೌಡಿನದಲ್ಲ.

ನಾಲ್ಕೂ ಬಗೆಯನ್ನು ಗ್ಲುಕೋಮೀಟರ್ ಇಟ್ಟು ಹೋಲಿಸಿದ್ದೇವೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ತಿನ್ನಲು ಶುರುಮಾಡಿದ 30, 60, 120ನೇ ನಿಮಿಷಕ್ಕೆ ಮತ್ತೆ. ದಿನಕ್ಕೆ ಒಂದೇ ಬ್ರೆಡ್, ಜೊತೆಗೆ ಬರೀ ನೀರು. ಸ್ಲೈಸ್ ಲೆಕ್ಕ ಹಿಡಿದರೆ ಹೋಲಿಕೆ ಕೆಡುತ್ತದೆ: ಸಾದಾ ಸ್ಲೈಸ್ 25-30 ಗ್ರಾಂ ಇದ್ದರೆ ಸಾರ್ಡೋ (ಹುಳಿ ಹೆಪ್ಪಿನಿಂದ ಹುದುಗಿಸಿದ ಬ್ರೆಡ್) ಸ್ಲೈಸ್ 50 ಗ್ರಾಂ ದಾಟುವುದುಂಟು. ಪ್ರತಿಯೊಂದನ್ನೂ 60 ಗ್ರಾಂ ತೂಗಿಯೇ ತಿನ್ನಬೇಕು. ಬೆರಳನ್ನು ಸೋಪು ಹಾಕಿ ತೊಳೆದು, ಒಣಗಿಸಿ ಚುಚ್ಚಿ. ಹಣ್ಣಿನ ರಸವೋ ಜಾಮೋ ಅಂಟಿದ್ದರೆ ಮೀಟರ್ ರಕ್ತದಲ್ಲಿ ಇಲ್ಲದ ಸಕ್ಕರೆಯನ್ನೂ ತೋರಿಸುತ್ತದೆ.

ಬಿಳಿ ಬ್ರೆಡ್‌ಗೂ ಮೈದಾದ ಬ್ರೌನ್ ಬ್ರೆಡ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಎರಡೂ ಶುಗರನ್ನು ಸರ್ರನೆ ಏರಿಸುತ್ತವೆ. ಬ್ರೌನ್‌ಗೆ ಹೆಚ್ಚು ದುಡ್ಡು ಕೊಡುವುದು ದಂಡ.

ಪೂರ್ತಿ ಗೋಧಿ ಹಿಟ್ಟಿನದು ಅನೇಕರಿಗೆ ನಿರಾಸೆ ತರಬಹುದು, ಏಕೆಂದರೆ ಶುಗರ್ ಏರುವುದರಲ್ಲಿ ಅದೂ ಹಿಂದೆ ಬೀಳಲಿಲ್ಲ. ಗ್ಲೈಸೀಮಿಕ್ ಸೂಚ್ಯಂಕದ (ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬ ಅಳತೆ, ಗ್ಲುಕೋಸ್‌ಗೆ 100) ಅಂತರರಾಷ್ಟ್ರೀಯ ಪಟ್ಟಿಯಲ್ಲೂ ಬಿಳಿಯದು 75, ಗೋಧಿಯದು 74ರ ಆಸುಪಾಸು. ಹಿಟ್ಟು ನುಣ್ಣಗಾದಷ್ಟೂ ಪಿಷ್ಟ ಬೇಗ ಸಕ್ಕರೆಯಾಗುತ್ತದೆ. ತೌಡು ಉಳಿದಿದೆ ಎಂದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಹಾಗಿದ್ದೂ ದಿನಬಳಕೆಗೆ ನಮ್ಮ ಆಯ್ಕೆ ಗೋಧಿಯದೇ. 100 ಗ್ರಾಂನಲ್ಲಿ 6-7 ಗ್ರಾಂ ನಾರು ಸಿಗುತ್ತದೆ, ಬಿಳಿಯದರಲ್ಲಿ ಎರಡೂವರೆ ಗ್ರಾಂ ಸಿಕ್ಕರೆ ಹೆಚ್ಚು. ಮಲಬದ್ಧತೆ ಇರುವವರಿಗೆ ಇದು ಸಣ್ಣ ಅಂತರವಲ್ಲ, ನೀರು ಚೆನ್ನಾಗಿ ಕುಡಿಯಬೇಕಷ್ಟೆ.

ಶುಗರನ್ನು ನಿಧಾನವಾಗಿ ಏರಿಸಿದ್ದು ಸಾರ್ಡೋ. ಹಿಟ್ಟು ಗಂಟೆಗಟ್ಟಲೆ ಹುಳಿ ಬಂದಾಗ ಹುಟ್ಟುವ ಲ್ಯಾಕ್ಟಿಕ್ ಮತ್ತು ಅಸಿಟಿಕ್ ಆಮ್ಲಗಳು ಪಿಷ್ಟ ಕರಗುವ ವೇಗ ತಗ್ಗಿಸುತ್ತವೆ. ಖನಿಜಗಳನ್ನು ಹಿಡಿದಿಡುವ ಗೋಧಿಯ ಫೈಟೇಟ್ ಎಂಬ ಅಂಶ ಒಡೆದು ಕಬ್ಬಿಣ, ಸತು ಮೈಗೆ ಹತ್ತುವುದೂ ಸುಲಭವಾಗುತ್ತದೆ. ಇದೆಲ್ಲ ನಿಜವಾದ ಸಾರ್ಡೋಗೆ ಮಾತ್ರ: ಹಿಟ್ಟು, ನೀರು, ಉಪ್ಪು, ಹುಳಿ ಹೆಪ್ಪು. ಪಟ್ಟಿಯಲ್ಲಿ ಯೀಸ್ಟ್ ಜೊತೆಗೆ ವಿನೆಗರ್ ಇದ್ದರೆ ಹುಳಿ ರುಚಿಯನ್ನು ಮೇಲಿಂದ ಸೇರಿಸಿದ್ದಾರೆ ಎಂದೇ ತಿಳಿಯಿರಿ. ಸೀಲಿಯಾಕ್ ಕಾಯಿಲೆ ಇರುವವರಿಗೆ ನಿಜವಾದದ್ದೂ ಬೇಡ, ಅವರ ಕರುಳಿಗೆ ಹಾನಿ ಮಾಡುವ ಗೋಧಿಯ ಪ್ರೋಟೀನ್ ಗ್ಲೂಟನ್ ಅದರಲ್ಲೂ ಇದೆ.

ಬ್ರೆಡ್ ಬದಲಿಸುವುದಕ್ಕಿಂತ ಮೇಲೆ ಹಚ್ಚುವುದನ್ನು ಬದಲಿಸಿದಾಗ ಫಲ ಹೆಚ್ಚು ಕಂಡಿತು. ಅದೇ 60 ಗ್ರಾಂ ಬಿಳಿ ಬ್ರೆಡ್‌ಗೆ ಎರಡು ಮೊಟ್ಟೆಯ ಆಮ್ಲೆಟ್ ಅಥವಾ ದಪ್ಪಗೆ ಶೇಂಗಾ ಚಟ್ನಿ ಸೇರಿದರೆ ಏರಿಕೆ ತಗ್ಗುತ್ತದೆ. ಜಾಮ್ ಹಚ್ಚಿದರೆ ಗೋಧಿ ಬ್ರೆಡ್ಡೂ ಕೈಕೊಡುತ್ತದೆ.

ಬಿಪಿ ಇರುವವರು ನೋಡಬೇಕಾದ್ದು ಉಪ್ಪು. 100 ಗ್ರಾಂ ಬ್ರೆಡ್‌ನಲ್ಲಿ ಸುಮಾರು ಒಂದು ಗ್ರಾಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಮೀರಬೇಡಿ ಎನ್ನುತ್ತದೆ. ನಾಲ್ಕು ಸ್ಲೈಸ್‌ಗೇ ಐದನೇ ಒಂದು ಪಾಲು ಮುಗಿಯಿತು. ಲೇಬಲ್ ಇಲ್ಲದ ಬೇಕರಿ ಬ್ರೆಡ್ ಆದರೆ ಮೈದಾ ಎಷ್ಟು, ಸಕ್ಕರೆ ಎಷ್ಟು ಎಂದು ಕೇಳಿಯೇ ಕೊಳ್ಳಿ.

ಇನ್ಸುಲಿನ್ ತೆಗೆದುಕೊಳ್ಳುವವರು ಈ ಪರೀಕ್ಷೆಗಾಗಿ ಡೋಸ್ ಬಿಡುವುದಾಗಲಿ, ಹೊತ್ತು ಬದಲಿಸುವುದಾಗಲಿ ಕೂಡದು. ಮೊದಲು ವೈದ್ಯರನ್ನು ಕೇಳಿ.