ಇಪಿಎಸ್-95 ಪಿಂಚಣಿ: ಡೆಲಿವರಿ ಚೆನ್ನಾಗಿದೆ, ಸಾಮಾನು ಸಾಲದು

ಜನ ಮಿಕ್ಸಿಗೆ, ಮೊಬೈಲಿಗೆ ರಿವ್ಯೂ ಬರೆಯುತ್ತಾರೆ. ನಾನು 26 ವರ್ಷ ದುಡಿದು ಪಡೆದ ಇಪಿಎಸ್-95 ಪಿಂಚಣಿಗೆ, ಅಂದರೆ ಪಿಎಫ್ ಜೊತೆಗೇ ಬರುವ ನೌಕರರ ಪಿಂಚಣಿ ಯೋಜನೆಗೆ ಬರೆಯುತ್ತಿದ್ದೇನೆ. ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಲೇತ್ ಮೇಲೆ ಶುರು ಮಾಡಿ, ಸೂಪರ್‌ವೈಸರ್ ಆಗಿ, 2024ರಲ್ಲಿ 58 ತುಂಬಿದಾಗ ಹಾರ ಹಾಕಿಸಿಕೊಂಡು ಮನೆಗೆ ಬಂದವನು ನಾನು. ಕೊನೆಯ ಬೇಸಿಕ್ 32,000. ಈಗ ತಿಂಗಳಿಗೆ ಬರುವ ಪಿಂಚಣಿ ನಾಲ್ಕು ಸಾವಿರದ ಆಸುಪಾಸು. ಸೊನ್ನೆ ಬಿಟ್ಟುಹೋಗಿಲ್ಲ, ಸರಿಯಾಗಿಯೇ ಓದಿದಿರಿ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ತಿಂಗಳು ತಿಂಗಳು ದುಡ್ಡು ಬರುತ್ತದೆ, ಯಾರನ್ನೂ ಕೇಳಬೇಕಿಲ್ಲ. ರಿಟೈರ್ ಆದಮೇಲೆ ನಾವು ಬೆಂಗಳೂರು ಬಿಟ್ಟು ತಿಪಟೂರಿನ ಕಡೆ ನಮ್ಮ ಊರಿಗೆ ಬಂದೆವು. ಹಿಂದೆ ಹೀಗೆ ಜಾಗ ಬದಲಿಸಿದರೆ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗ ಆಗಬೇಕಿತ್ತು. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಬ್ರಾಂಚಿನಲ್ಲಾದರೂ ತೆಗೆದುಕೊಳ್ಳಬಹುದು.

ಜೀವನ ಪ್ರಮಾಣಪತ್ರದ ವಿಷಯವೂ ಅಷ್ಟೇ. ಲೇತ್ ಕೆಲಸ ಮಾಡಿದವರ ಬೆರಳು ಹೇಗಿರುತ್ತದೆ ಗೊತ್ತಲ್ವಾ, ಗೆರೆಯೆಲ್ಲಾ ಸವೆದಿರುತ್ತದೆ. ಬೆರಳಚ್ಚಿನ ಮಷೀನು ನಾನು ಬದುಕಿದ್ದೇನೆ ಅಂತ ಒಪ್ಪಲೇ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಆರು ಸಲ ಒತ್ತಿದೆ. ಆಮೇಲೆ ಮಗಳು ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸುವ ದಾರಿ ಹೇಳಿಕೊಟ್ಟಳು. ಕಣ್ಣು ಮಿಟುಕಿಸಿದೆ, ಮುಗೀತು. ಇಪಿಎಸ್‌ನವರು ಇದಕ್ಕೆ ನವೆಂಬರ್ ತನಕ ಕಾಯಬೇಕಿಲ್ಲ. ವರ್ಷದಲ್ಲಿ ಯಾವಾಗ ಕೊಟ್ಟರೂ ಅಲ್ಲಿಂದ 12 ತಿಂಗಳು ನಡೆಯುತ್ತದೆ.

ಪಿಂಚಣಿ ಶುರುವಾಗುವಾಗ ಮಾತ್ರ ಒದ್ದಾಡಿದೆ. ನನ್ನ ಇನಿಶಿಯಲ್ ಪಿಎಫ್ ದಾಖಲೆಯಲ್ಲಿ ಹೆಸರಿನ ಮುಂದಿದೆ. ಆಧಾರ್‌ನಲ್ಲಿ ಅದನ್ನೇ ಬಿಡಿಸಿ, ಅಪ್ಪನ ಪೂರ್ತಿ ಹೆಸರು ಹಿಂದೆ ಸೇರಿಸಿದ್ದಾರೆ. ಕಂಪ್ಯೂಟರಿನ ಲೆಕ್ಕದಲ್ಲಿ ನಾನು ಇಬ್ಬರು! ತಿದ್ದುಪಡಿಗೆ ಒಪ್ಪಿಗೆ ಕೊಡಬೇಕಾಗಿದ್ದ ನಮ್ಮ ಕಂಪನಿಯ ಎಚ್‌ಆರ್ ನಾಲ್ಕು ತಿಂಗಳು ಆಡಿಸಿದರು. ಕೆಲಸದಲ್ಲಿರುವಾಗಲೇ ಇದನ್ನು ಸರಿ ಮಾಡಿಸಿಕೊಳ್ಳಿ. ರಿಟೈರ್ ಆದವನ ಫೋನನ್ನು ಯಾರೂ ಅಷ್ಟು ಬೇಗ ಎತ್ತುವುದಿಲ್ಲ.

ಇನ್ನು ಸಾಮಾನಿನ ವಿಷಯ. ಲೆಕ್ಕ ಕೇಳುವುದಕ್ಕೆ ಸುಲಭ: ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸಿ. ಆದರೆ ಇಲ್ಲಿ ಸಂಬಳ ಅಂದರೆ ನಿಮ್ಮ ಸಂಬಳ ಅಲ್ಲ. ನನ್ನಂಥವರಿಗೆ 2014ರ ಆಗಸ್ಟ್‌ವರೆಗಿನ ಸೇವೆಗೆ 6,500, ಅಲ್ಲಿಂದ ಈಚೆಗೆ 15,000. ಅದೇ ಮಿತಿ. ಕಂಪನಿ ಹಾಕುವ 12%ರಲ್ಲಿ 8.33% ಪಿಂಚಣಿಗೆ ಹೋಗುತ್ತದೆ ಅಂತಾರೆ, ಅದೂ ಈ ಮಿತಿಯ ಮೇಲೆಯೇ. ಅಂದರೆ ತಿಂಗಳಿಗೆ 1,250. ನನಗೆ 32,000 ಬೇಸಿಕ್ ಇದ್ದರೂ, ಮ್ಯಾನೇಜರಿಗೆ 90,000 ಇದ್ದರೂ ಪಿಂಚಣಿಗೆ ಹೋಗಿದ್ದು ಅಷ್ಟೇ. ಪೂರ್ತಿ 35 ವರ್ಷ 15,000ದ ಲೆಕ್ಕದಲ್ಲೇ ಸಿಕ್ಕಿತು ಅಂದುಕೊಂಡರೂ 7,500 ದಾಟುವುದಿಲ್ಲ. 20 ವರ್ಷ ದಾಟಿದ್ದಕ್ಕೆ ಎರಡು ವರ್ಷ ಬೋನಸ್ ಸೇರಿಸುತ್ತಾರೆ, ಅದರಿಂದ ನನಗೆ ಹೆಚ್ಚಿಗೆ ಸಿಕ್ಕಿದ್ದು ಕೆಲವು ನೂರು ರೂಪಾಯಿ.

ಹೋಗಲಿ, ಕಡಿಮೆ ಅಂತಲೇ ಇಟ್ಟುಕೊಳ್ಳೋಣ. ನನಗೆ ನಿಜವಾಗಿ ಸಿಟ್ಟು ಬರುವುದು ಡಿಎ (ತುಟ್ಟಿಭತ್ಯೆ) ಇಲ್ಲ ಅನ್ನುವುದಕ್ಕೆ. ಮೊದಲ ತಿಂಗಳು ಎಷ್ಟು ಬಂತೋ ಇವತ್ತಿಗೂ ಅಷ್ಟೇ. ಬಿಪಿ ಮಾತ್ರೆಯ ರೇಟು ಹಾಗೆ ನಿಂತಿದೆಯಾ? ಕನಿಷ್ಠ ಪಿಂಚಣಿ 1,000 ಅಂತ ನಿಗದಿಯಾಗಿದ್ದು 2014ರಲ್ಲಿ. ನಾನು ರಿಟೈರ್ ಆಗುವ ಹೊತ್ತಿಗೆ ಹತ್ತು ವರ್ಷ ಕಳೆದರೂ ಅದು ಅಲ್ಲೇ ಇತ್ತು. ನಮ್ಮ ಷಡ್ಡಕರು ರೈಲ್ವೆಯಲ್ಲಿದ್ದಾರೆ, ಸರ್ಕಾರಿ ನೌಕರರ ಎನ್‌ಪಿಎಸ್ ಪಿಂಚಣಿ ಯೋಜನೆ ಬಿಟ್ಟು, 2025ರ ಏಪ್ರಿಲ್‌ನಲ್ಲಿ ಬಂದ ಹೊಸ ಯೋಜನೆ ಯುಪಿಎಸ್‌ಗೆ ಸೇರಿದರು. ಅಲ್ಲಿ ಹತ್ತು ವರ್ಷ ಸೇವೆ ಮಾಡಿದವರಿಗೂ ಕನಿಷ್ಠ 10,000, ಮೇಲೆ ತುಟ್ಟಿಭತ್ಯೆ. ಅವರ ಸಂಬಳದಿಂದಲೂ 10% ಹಿಡಿಯುತ್ತಾರೆ, ಸುಮ್ನೆ ಕೊಡುವುದಿಲ್ಲ, ಒಪ್ಪಿದೆ. ನಮ್ಮಿಂದಲೂ ಜಾಸ್ತಿ ಹಿಡಿಯಲಿ, ಬೇಡ ಅಂದವರು ಯಾರು? ದಾರಿ ಬೇಕಲ್ಲ.

2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ, ಮಿತಿ ಬಿಟ್ಟು ನಿಜವಾದ ಸಂಬಳದ ಲೆಕ್ಕದಲ್ಲಿ ಹೆಚ್ಚಿನ ಪಿಂಚಣಿ ಅಂತ ನಾವೆಲ್ಲ ಕುಣಿದೆವು. ಆದರೆ ಅದು ಸಿಗಬೇಕಾದರೆ ಕಂಪನಿ ಮೊದಲಿನಿಂದಲೂ ಮಿತಿ ಮೀರಿದ ಸಂಬಳದ ಮೇಲೆ ಪಿಎಫ್ ಕಟ್ಟಿರಬೇಕಿತ್ತು. ನಮ್ಮವರು 15,000ಕ್ಕೇ ಗೆರೆ ಎಳೆದಿದ್ದರು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಪಿಎಫ್ ಗಂಟು ಬೇರೆ ಬಂತಲ್ಲ ಅಂತ ಕೇಳುತ್ತೀರಿ. ಬಂತು. ಮಗಳ ಮದುವೆ, ಊರಿನ ಮನೆಯ ಸೂರು, ಬೋರ್‌ವೆಲ್, ಅರ್ಧ ಹೋಯಿತು. ತಪ್ಪು ನನ್ನದೂ ಇದೆ. ಆದರೆ ಆ ಗಂಟಿನಲ್ಲಿ ಒಂದು ಪಾಲನ್ನು ಅಲ್ಲೇ ಬಿಟ್ಟು, ತಿಂಗಳ ಪಿಂಚಣಿ ಜಾಸ್ತಿ ಮಾಡಿಕೊಳ್ಳುವ ಆಯ್ಕೆ ಫಾರಂನಲ್ಲೇ ಇದ್ದಿದ್ದರೆ ನಾನು ಟಿಕ್ ಹಾಕುತ್ತಿದ್ದೆ. ಯಾರಾದರೂ ಇದನ್ನು ಸುಧಾರಿಸಲು ಕೂತರೆ ಡಿಎ ಆದಮೇಲೆ ಇದನ್ನೇ ನೋಡಲಿ.

ಸರ್ವೀಸಿಗೆ ನಾಲ್ಕು ಸ್ಟಾರ್, ಪಿಂಚಣಿಗೆ ಒಂದು. ಆ ಒಂದು ಕೂಡ ಯಾಕೆ ಅಂದರೆ ನನ್ನ ನಂತರ ಹೆಂಡತಿಗೆ ಅರ್ಧ ಬರುತ್ತದೆ.

ಈಗ ಸೇರುತ್ತಿರುವವರಿಗೆ ಎರಡು ಮಾತು. 50 ಆದಮೇಲೆ ಅವಧಿಗೆ ಮುಂಚೆಯೇ ತೆಗೆದುಕೊಳ್ಳಬಹುದು, ಆದರೆ 58ಕ್ಕಿಂತ ಒಂದೊಂದು ವರ್ಷ ಮುಂಚೆಗೂ 4% ಕಡಿತ, ಅದೂ ಸಾಯುವ ತನಕ. ನಮ್ಮ ಶಾಪ್‌ನ ಒಬ್ಬರು 54ಕ್ಕೇ ಅರ್ಜಿ ಹಾಕಿ 16% ಕಳೆದುಕೊಂಡರು. ಕೈಯಲ್ಲಿ ದುಡ್ಡಿದ್ದು 60ರವರೆಗೆ ತಡೆದರೆ ವರ್ಷಕ್ಕೆ 4% ಜಾಸ್ತಿ ಕೂಡ ಸಿಗುತ್ತದೆ. ಇನ್ನೊಂದು, ಕೆಲಸ ಬಿಟ್ಟಾಗೆಲ್ಲ ಪಿಂಚಣಿ ದುಡ್ಡನ್ನು ಬಿಡಿಸಿಕೊಳ್ಳಬೇಡಿ. ಹತ್ತು ವರ್ಷ ತುಂಬದಿದ್ದರೆ ಪಿಂಚಣಿಯೇ ಇಲ್ಲ. ಹೊಸ ಕೆಲಸ ಸಿಕ್ಕಿದ್ದರೆ ಹಳೆಯದನ್ನು ವರ್ಗ ಮಾಡಿಸಿ, ಸಿಕ್ಕಿಲ್ಲವಾದರೆ 10ಸಿ ಫಾರಂ ಹಾಕಿ ಸ್ಕೀಮ್ ಸರ್ಟಿಫಿಕೇಟ್, ಅಂದರೆ ಅಲ್ಲಿಯವರೆಗಿನ ಸೇವೆಯ ದಾಖಲೆಪತ್ರ, ತಗೊಂಡು ಮನೆಪತ್ರದ ಜೊತೆ ಬೀರುವಿನಲ್ಲಿ ಇಡಿ. ನಮ್ಮ ಅಳಿಯನಿಗೆ ಹೇಳಿ ಹೇಳಿ, ಮೊನ್ನೆ ಕೊನೆಗೂ ಮಾಡಿಸಿದ.