ಒಂದೇ ಏಟಿಗೋ, ಹಂತಹಂತವಾಗಿಯೋ: ಬಿಕ್ಕಟ್ಟಿನಲ್ಲಿ ವಿಮಾನಯಾನ ಸಂಸ್ಥೆಯ ಬದಲಾವಣೆ

ಸರ್ಕಾರ ಅಲುಗಾಡುತ್ತಿರುವಾಗ, ಹಣದ ಮೌಲ್ಯ ಕುಸಿಯುತ್ತಿರುವಾಗ ವಿಮಾನಯಾನ ಸಂಸ್ಥೆಯನ್ನು ಒಮ್ಮೆಲೇ ಪುನರ್ರಚಿಸುವುದೋ, ನಿಧಾನವಾಗಿಯೋ ಎಂದು ಕೇಳಿದ್ದೀರಿ. ಮೊದಲು ಕೈಯಲ್ಲಿರುವ ನಗದನ್ನು ನೋಡಿ.

ದೇಶದೊಳಗಿನ ಟಿಕೆಟ್ ಹಣ ಬರುವುದು ಸ್ಥಳೀಯ ಕರೆನ್ಸಿಯಲ್ಲಿ. ವಿಮಾನದ ಬಾಡಿಗೆ, ಬಿಡಿಭಾಗಗಳ ಬಿಲ್ಲು ಬರುವುದು ಸಾಮಾನ್ಯವಾಗಿ ಡಾಲರ್‌ನಲ್ಲಿ. ಹೀಗಾಗಿ ಕರೆನ್ಸಿ ಬಿದ್ದರೆ ಆಸನಗಳೆಲ್ಲ ತುಂಬಿದ್ದರೂ ನಷ್ಟವಾಗಬಹುದು. ಬಾಡಿಗೆ ತಪ್ಪಿದರೆ ಮಾಲೀಕರು ವಿಮಾನವನ್ನೇ ಹಿಂಪಡೆಯುತ್ತಾರೆ. ನಗದು ಕೆಲವೇ ವಾರಗಳಿಗೆ ಸಾಕಾಗುವಂತಿದ್ದರೆ ಒಂದೇ ಏಟಿನ ದಾರಿಯೇ ಸರಿ. 2010ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿದ ಜಪಾನ್ ಏರ್‌ಲೈನ್ಸ್, ಮಾರ್ಗ, ವಿಮಾನ, ಸಿಬ್ಬಂದಿ ಮೂರನ್ನೂ ಕಡಿತಗೊಳಿಸಿ 2012ರಲ್ಲಿ ಷೇರುಪೇಟೆಗೆ ಮರಳಿತು. ಆದರೆ ಅದಕ್ಕೆ ಸರ್ಕಾರದ ಹಣ, ನ್ಯಾಯಾಲಯದ ರಕ್ಷಣೆ ಎರಡೂ ಇದ್ದವು. ರಾಜಕೀಯವೇ ಅಸ್ಥಿರವಾಗಿರುವಲ್ಲಿ ಆ ಆಸರೆಯನ್ನು ನೆಚ್ಚಿಕೊಳ್ಳಬೇಡಿ.

ಸಿಬ್ಬಂದಿಯ ವಿಶ್ವಾಸ ಉಳಿಸಿಕೊಳ್ಳಲು ಹಂತಹಂತದ ದಾರಿ ಮೇಲು. ಅಮೆರಿಕದ ವಿಮಾನಯಾನ ಸಂಸ್ಥೆ ಸೌತ್‌ವೆಸ್ಟ್, ಆ ದೇಶದ ಮೇಲೆ ನಡೆದ 2001ರ ಸೆಪ್ಟೆಂಬರ್ ದಾಳಿಯ ನಂತರವೂ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಸಾಲ ಕಡಿಮೆಯಿದ್ದುದರಿಂದ ಅದು ಸಾಧ್ಯವಾಯಿತು. ಆದರೆ ತಿಂಗಳಿಗೊಂದು ವಜಾ ಪಟ್ಟಿ ಹೊರಡಿಸುವುದು ಹಂತಹಂತದ ಬದಲಾವಣೆಯಲ್ಲ, ಚಿತ್ರಹಿಂಸೆ. ಆಗ ಬೇರೆಡೆ ಸುಲಭವಾಗಿ ಕೆಲಸ ಸಿಗುವ ಅನುಭವಿ ಪೈಲಟ್‌ಗಳು, ಎಂಜಿನಿಯರ್‌ಗಳೇ ಮೊದಲು ಹೊರಡುತ್ತಾರೆ. ಪೂರ್ಣ ಯೋಜನೆಯನ್ನು ಮೊದಲ ದಿನವೇ ಹೇಳಿಬಿಡಿ.

ಸಂಸ್ಥೆ ಸರ್ಕಾರಿ ಒಡೆತನದ್ದೇ? ಹಾಗಿದ್ದರೆ ಹೊಸ ಸಚಿವರು ಅರ್ಧಕ್ಕೆ ಬಂದ ಯೋಜನೆಯನ್ನು ನಿಲ್ಲಿಸಬಹುದು. ಒಪ್ಪಿಗೆ ಸಿಕ್ಕಾಗಲೇ ದೊಡ್ಡ ಹೆಜ್ಜೆ ಇಟ್ಟುಬಿಡುವುದು ಲೇಸು. ಖಾಸಗಿಯಾಗಿದ್ದು ನಗದೂ ಇದ್ದರೆ, ಮೊದಲು ನಷ್ಟದ ಮಾರ್ಗಗಳನ್ನು ಬಿಟ್ಟು, ಜನರನ್ನು ಉಳಿಸಿಕೊಳ್ಳಿ. ಯಾವ ದಾರಿ ಹಿಡಿದರೂ ನಿರ್ವಹಣಾ ವಿಭಾಗದ ತಪಾಸಣೆಯ ಕೆಲಸಕ್ಕೆ ಕತ್ತರಿ ಬೀಳಕೂಡದು.