ಅಲಂಗ್ ರಸ್ತೆಯ ಹಡಗು ಸಾಮಾನಿನ ಅಂಗಡಿ: ತಿರುವಿ ನೋಡಿ ತಗೊಳ್ಳಿ

ಗುಜರಾತಿನ ಭಾವನಗರದಿಂದ ಸುಮಾರು 50 ಕಿ.ಮೀ. ದೂರದಲ್ಲಿ ಅಲಂಗ್. ಹತ್ತಿರವಾದಂತೆ ರಸ್ತೆಯ ಎರಡೂ ಬದಿ ಒಡೆದ ಹಡಗುಗಳ ಸಾಮಾನಿನ ಅಂಗಡಿಗಳೇ. ಸೋಫಾ, ಹಾಸಿಗೆ, ಲೈಫ್ ಜಾಕೆಟ್, ಕಪ್ಪು-ಬಸಿ ಎಲ್ಲ ಸಿಗುತ್ತದೆ. ಹಡಗು ಒಡೆಯುವ ಯಾರ್ಡಿಗೆ ಸುಮ್ನೆ ಹೋದರೆ ಬಿಡುವುದಿಲ್ಲ. ಅಂಗಡಿಗೆ ಯಾರು ಬೇಕಾದರೂ ಹೋಗಬಹುದು.

ನಾನು ಹೋಗಿದ್ದು ಸೋಫಾ ತರಲು ಅಲ್ಲ. ಹಿಂದೆ ಮೂರು ವರ್ಷ ನಮ್ಮ ನೌಕಾಪಡೆಯ ವಿಮಾನವಾಹಕ ಹಡಗು ಐಎನ್‌ಎಸ್ ವಿರಾಟ್‌ನ ಬಾಯ್ಲರ್ ರೂಮಿನಲ್ಲಿ ಬೆವರು ಸುರಿಸಿದವನು ನಾನು. 2020ರ ಸೆಪ್ಟೆಂಬರ್‌ನಲ್ಲಿ ಅದನ್ನು ಒಡೆಯಲು ಇಲ್ಲಿಗೆ ತಂದರು. ಅದರದ್ದೊಂದು ಚೂರಾದರೂ ಅಂಕೋಲೆಯ ಮನೆಯಲ್ಲಿರಲಿ ಅಂತ ಆಸೆ.

ಅಂಗಡಿಯ ಹುಡುಗ ಮೊದಲು ಚಹಾ ಕೊಟ್ಟ. ಆಮೇಲೆ "ಕಾಕಾ, ಇದು ವಿರಾಟ್‌ದೇ" ಅಂತ ಹಿತ್ತಾಳೆ ದೀಪವೊಂದನ್ನು ತಂದಿಟ್ಟ. 4,500 ರೂಪಾಯಿ. ತಿರುವಿ ನೋಡಿದರೆ ತಳದಲ್ಲಿ ಕೊರಿಯನ್ ಅಕ್ಷರ! ವಿರಾಟ್ ಹುಟ್ಟಿದ್ದು ಇಂಗ್ಲೆಂಡಿನ ಬ್ಯಾರೋದಲ್ಲಿ, 'ಹರ್ಮಿಸ್' ಅನ್ನೋ ಹೆಸರಲ್ಲಿ. 1959ರಿಂದ ಬ್ರಿಟಿಷರ ಹಡಗು, 1987ರಿಂದ ನಮ್ಮದು. ಬ್ರಿಟಿಷ್ ನೌಕಾಪಡೆಯ ಹಳೇ ಸಾಮಾನಿನ ಮೇಲೆ ಕಾಗೆಕಾಲಿನಂಥ ಮೂರು ಗೆರೆ ಕೆತ್ತಿರುತ್ತಾರೆ. ಸರ್ಕಾರಿ ಮಾಲು ಅನ್ನೋ ಗುರುತು ಅದು.

ಇದನ್ನೆಲ್ಲ ಹೇಳಿದೆ. ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ, ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದ. ಅಲ್ಲಿ ವಾಲ್ವ್ ತಿರುಗಿಸುವ ಚಕ್ರಗಳ ರಾಶಿ. ಕೆದಕಿದಾಗ ಒಂದರ ಮೇಲೆ ಕಾಗೆಕಾಲು ಕಂಡಿತು. ಊಟದ ತಟ್ಟೆಯಷ್ಟಗಲ. ಬಣ್ಣದ ಮೇಲೆ ಬಣ್ಣ ಬಳಿದು ಅಂಚು ದಪ್ಪವಾಗಿದೆ. ಕೈ ಹಿಡಿಯುವ ಜಾಗ ಮಾತ್ರ ನುಣ್ಣಗೆ ಹೊಳೆಯುತ್ತದೆ.

"ಅದು ನಮ್ಮಪ್ಪನ ಕಾಲದಿಂದ ಬಿದ್ದಿದೆ ಕಾಕಾ" ಅಂದ.

ಅಲ್ಲಿಗೆ ವಿರಾಟ್‌ದಲ್ಲ. ಆದರೆ ಅವರಪ್ಪನ ಕಾಲದಲ್ಲಿ ಇಲ್ಲೇ ಒಡೆದ ಇನ್ನೊಂದು ವಿಮಾನವಾಹಕ ನೆನಪಾಯಿತು. ಅದೂ ಬ್ರಿಟಿಷರದ್ದೇ, ಬರ್ಕೆನ್‌ಹೆಡ್‌ನಲ್ಲಿ ಕಟ್ಟಿದ 'ವೆನರಬಲ್'. 1948ರಲ್ಲಿ ಡಚ್ಚರು ಕೊಂಡು 'ಕಾರೆಲ್ ಡೋರ್ಮನ್' ಅಂದರು. 1968ರಲ್ಲಿ ಬಾಯ್ಲರ್ ರೂಮಿಗೆ ಬೆಂಕಿ ಬಿತ್ತು. ಕಟ್ಟುವುದು ಅರ್ಧಕ್ಕೇ ನಿಂತಿದ್ದ 'ಲೆವಯಥನ್' ಹಡಗಿನ ಬಾಯ್ಲರ್ ಕಿತ್ತು ಇದಕ್ಕೆ ಕೂರಿಸಿ, ಅರ್ಜೆಂಟೀನಾಕ್ಕೆ ಮಾರಿದರು. ಅಲ್ಲಿ ಮೂರನೇ ಹೆಸರು, 'ವೆಂಟಿಸಿಂಕೊ ದೆ ಮಾಯೊ'.

1982ರಲ್ಲಿ ಫಾಕ್‌ಲ್ಯಾಂಡ್ಸ್ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ಕಾದಾಡಿದ ಯುದ್ಧದಲ್ಲಿ ಹರ್ಮಿಸ್ ಬ್ರಿಟಿಷ್ ಪಡೆಯ ಮುಖ್ಯ ಹಡಗು. ಈ ವೆಂಟಿಸಿಂಕೊ ಎದುರು ಪಕ್ಷ. ಮೇ 2ರ ಬೆಳಗ್ಗೆ ಅದರಿಂದ ಬ್ರಿಟಿಷ್ ಹಡಗುಗಳ ಮೇಲೆ ಸ್ಕೈಹಾಕ್ ವಿಮಾನ ಬಿಡಲು ಸಜ್ಜಾಗಿದ್ದರು. ಗಾಳಿಯೇ ಬೀಸಲಿಲ್ಲ! ಬಾಂಬು ಹೊತ್ತ ವಿಮಾನ ಏಳಬೇಕಾದರೆ ಎದುರುಗಾಳಿ ಬೇಕು, ಮುದಿ ಹಡಗಿನ ವೇಗ ಒಂದೇ ಸಾಲದು. ಅವತ್ತು ಗಾಳಿ ಬಂದಿದ್ದರೆ ನನಗೆ ವಿರಾಟ್ ಸಿಗುತ್ತಿತ್ತೋ ಇಲ್ಲವೋ. ಈಗ ನೋಡಿದರೆ ಎರಡೂ ಒಂದೇ ಅಲಂಗ್ ದಂಡೆಯಲ್ಲಿ ಚೂರಾದವು.

ಚಕ್ರ ಅದರದ್ದೇ ಅಂತ ಖಾತ್ರಿ ಏನಿಲ್ಲ. ಆದರೂ ತಗೊಂಡೆ.

ಅಂಗಡಿ ಬಗ್ಗೆ ಹೇಳೋದಾದರೆ, ಐದರಲ್ಲಿ ಮೂರೂವರೆ. ಸ್ಟೀಲ್ ಪಾತ್ರೆ, ಕಂಬಳಿ ಕಣ್ಣುಮುಚ್ಚಿ ತಗೊಳ್ಳಬಹುದು. ಬೆಲೆಯ ಚೀಟಿ ಎಲ್ಲೂ ಇಲ್ಲ, ಚೌಕಾಸಿ ಮಾಡಲೇಬೇಕು. "ಇಂಥ ಹಡಗಿನದು" ಅಂದರೆ ಮಾತ್ರ ನಂಬಬೇಡಿ. ತೂಕದಲ್ಲಿ ಮೋಸವಿಲ್ಲ: ನನ್ನ ಹಿತ್ತಾಳೆ ಚಕ್ರ 2 ಕೆಜಿ 300 ಗ್ರಾಂ, ಕೆಜಿಗೆ 650ರಂತೆ 1,495 ರೂಪಾಯಿ.

ಬಿಲ್ಲಿನಲ್ಲಿ ಹಡಗಿನ ಹೆಸರು ಬರೆಯಪ್ಪ ಅಂದೆ. "ಯಾವುದು ಬರೆಯಲಿ ಕಾಕಾ?" ಅಂತ ನಕ್ಕು, ಗುಜರಾತಿಯಲ್ಲಿ 'ಹಳೇ ಹಿತ್ತಾಳೆ' ಅಂತ ಬರೆದುಕೊಟ್ಟ.